ತಂದೆಯ ಸಹಿಯಿಲ್ಲದೆ ಮಗಳ ಕಾಲೇಜಿಗೆ ನೆರವು ಪಡೆದ ಬಗೆ: ನನ್ನ ಅನುಭವ

ಮಗಳಿಗೆ 5 ವರ್ಷವಾಗಿದ್ದಾಗ ಭಾರತಕ್ಕೆ ಹಿಂದಿರುಗಿದ ಅವಳ ತಂದೆ ಆಮೇಲೆ ಒಂದು ಫೋನನ್ನೂ ಮಾಡಲಿಲ್ಲ. 2023ರಲ್ಲಿ ಅವಳು ಖಾಸಗಿ ಕಾಲೇಜುಗಳಿಗೆ ಅರ್ಜಿ ಹಾಕುತ್ತೇನೆಂದಾಗ, ಅಮೆರಿಕದ ನ್ಯೂಜೆರ್ಸಿಯ ನಮ್ಮ ಗೆಳತಿಯರೆಲ್ಲ, ತಂದೆಯ ಸಹಿಯಿಲ್ಲದೆ ಸಿಎಸ್‌ಎಸ್ ಪ್ರೊಫೈಲ್ (ಅನೇಕ ಖಾಸಗಿ ಕಾಲೇಜುಗಳು ಹಣದ ನೆರವು ಕೊಡುವ ಮುನ್ನ ಕೇಳುವ ಆದಾಯದ ಅರ್ಜಿ) ಮುಗಿಯುವುದೇ ಇಲ್ಲವೆಂದು ಒಂದೇ ಸ್ವರದಲ್ಲಿ ಹೇಳಿದರು.

ಫಾಫ್ಸಾ, ಅಂದರೆ ಸರ್ಕಾರದ ನೆರವಿಗೆ ಹಾಕುವ ಅರ್ಜಿ, ನನಗೆ ತೊಡಕಾಗಲಿಲ್ಲ. ಬೇರೆಯಾದ ತಂದೆತಾಯಿಯರಲ್ಲಿ ಹಿಂದಿನ 12 ತಿಂಗಳು ಮಗುವಿನ ಖರ್ಚನ್ನು ಹೆಚ್ಚು ಹೊತ್ತವರ ವಿವರ ಅದಕ್ಕೆ ಸಾಕು, ನಮ್ಮಲ್ಲಿ ಹೊತ್ತವಳು ನಾನೊಬ್ಬಳೇ. ಆ ವರ್ಷ ಅಕ್ಟೋಬರಿನಲ್ಲಿ ತೆರೆಯಬೇಕಾದ ಫಾರ್ಮು ಡಿಸೆಂಬರ್ 30ರವರೆಗೆ ಕಾಯಿಸಿತು, ಅಷ್ಟೆ. ನಿಜವಾದ ಕಷ್ಟವಿದ್ದದ್ದು ಪ್ರೊಫೈಲಿನಲ್ಲಿ: ನಾವು ಆರಿಸಿದ 7 ಕಾಲೇಜುಗಳಲ್ಲಿ 5 ಕಾಲೇಜುಗಳು ಜೊತೆಯಲ್ಲಿಲ್ಲದ ತಂದೆಯ ಆದಾಯವನ್ನೂ ಕೇಳುತ್ತಿದ್ದವು.

ಮೊದಲು ಸುಮಾರು 400 ಡಾಲರ್ ಕೊಟ್ಟು ಒಬ್ಬ ಸಲಹೆಗಾರರನ್ನು ಹಿಡಿದೆ. ಅವರು ವಿಚ್ಛೇದನದ ಆದೇಶವೊಂದನ್ನೇ ಲಗತ್ತಿಸಿ, ತಂದೆಯ ವಿವರವನ್ನು ಬಿಟ್ಟುಬಿಡಿ ಎಂದು ಕೇಳುವ ವಿನಾಯಿತಿ ಅರ್ಜಿಯನ್ನು ಒಂದು ಕಾಲೇಜಿಗೆ ಕಳುಹಿಸಿದರು. ಆ ಕಾಲೇಜು 3 ವಾರಗಳಲ್ಲಿ ನಿರಾಕರಿಸಿತು, ಏಕೆಂದರೆ ಆ ಆದೇಶದಲ್ಲಿ ತಂದೆ ತಿಂಗಳಿಗೆ ಇಷ್ಟು ಜೀವನಾಂಶ ಕೊಡತಕ್ಕದ್ದೆಂದು ಬರೆದಿತ್ತು, ಕಾಲೇಜಿನವರು ಅದನ್ನೇ ಹಿಡಿದು ಹಾಗಾದರೆ ಅವರಿಗೆ ಹೊಣೆಯಿದೆಯಲ್ಲ ಎಂದರು. ನಮ್ಮನ್ನು ಉಳಿಸಬೇಕಾದ ಕಾಗದವೇ ನಮ್ಮ ವಿರುದ್ಧ ಸಾಕ್ಷಿ ಹೇಳಿತು! ತಂದೆಗೆ ಕೊಡಲು ಮನಸ್ಸಿಲ್ಲ ಎಂಬುದು ಇವರಿಗೆ ಕಾರಣವೇ ಅಲ್ಲ. ಸಂಪರ್ಕವೂ ಇಲ್ಲ, ಆಸರೆಯೂ ಇಲ್ಲ ಎಂಬುದನ್ನು ತೋರಿಸಬೇಕು.

ಉಳಿದ 4 ಕಾಲೇಜುಗಳ ಅರ್ಜಿಯನ್ನು ನಾನೇ ಬರೆದೆ. ಜೀವನಾಂಶದ ಖಾತೆಯಲ್ಲಿ ವರ್ಷಗಟ್ಟಲೆ ಸೊನ್ನೆಯೇ ಇರುವ ಪಾವತಿ ವಿವರವನ್ನು ತೆಗೆಸಿದೆ. ಶಾಲೆಯ ಕೌನ್ಸೆಲರ್ ಮೊದಲು ಕೊಟ್ಟ ಪತ್ರ ಬರೀ ಹೊಗಳಿಕೆಯಾಗಿತ್ತು. ತಂದೆಯನ್ನು ಶಾಲೆಯಲ್ಲಿ ಒಮ್ಮೆಯೂ ಕಂಡಿಲ್ಲ, ತುರ್ತು ಸಂಪರ್ಕದ ಪಟ್ಟಿಯಲ್ಲಿ ಅವರ ಹೆಸರಿಲ್ಲ ಎಂಬ, ತಾವೇ ಬಲ್ಲ ಸಂಗತಿಗಳನ್ನಷ್ಟೇ ಬರೆದುಕೊಡಿ ಎಂದು ವಿನಂತಿಸಿ ಮತ್ತೆ ಬರೆಸಿದೆ. ಮಕ್ಕಳ ವೈದ್ಯರಿಂದಲೂ ಅಂಥದೇ ಒಂದು ಪತ್ರ ಬಂತು.

ನನಗೆ ಹೆಮ್ಮೆಯಿರುವುದು ಮಾತ್ರ ಅಂಚೆಯ ಪ್ರಯೋಗದ ಬಗ್ಗೆ. ಫೇಸ್‌ಬುಕ್ಕಿನಲ್ಲಿ ತಂದೆಗೆ ಕಳುಹಿಸಿದ ಸಂದೇಶಗಳ ಚಿತ್ರಗಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆಗ ಹಾಸನದಲ್ಲಿರುವ ನನ್ನ ಅಣ್ಣನ ಕೈಯಲ್ಲಿ, ಮಗಳ ತಂದೆಯ ಮೈಸೂರಿನ ಹಳೆಯ ವಿಳಾಸಕ್ಕೆ ಒಂದು ರಿಜಿಸ್ಟರ್ಡ್ ಪತ್ರ ಹಾಕಿಸಿದೆ. ಖರ್ಚು ತೀರ ಕಡಿಮೆಯೇ ಆಯಿತು. ಎರಡು ವಾರದಲ್ಲಿ ಅದು ‘ಮನೆ ಬಿಟ್ಟು ಹೋಗಿದ್ದಾರೆ’ ಎಂಬ ಅಂಚೆಯಣ್ಣನ ಕೈಬರಹದೊಡನೆ ಹಿಂದಿರುಗಿತು. ಅದನ್ನು ಇಂಗ್ಲಿಷಿಗೆ ಅನುವಾದಿಸಿ, ನೋಟರಿ ಮಾಡಿಸಿ, ಕವರಿನ ಎರಡೂ ಬದಿಯ ಪ್ರತಿಯನ್ನು ಲಗತ್ತಿಸಿದೆ. ಮಗಳ ಹೇಳಿಕೆಯ ಮೊದಲ ವಾಕ್ಯವನ್ನು ನಾವಿಬ್ಬರೂ ಹತ್ತಾರು ಸಲ ತಿದ್ದಿದೆವು. ಅದೇನೆಂದು ಇಲ್ಲಿ ಬರೆಯುವುದಿಲ್ಲ, ಅವಳ ತಂಗಿಗೆ ಇನ್ನೂ ಬೇಕಾಗಿದೆ.

4 ಕಾಲೇಜುಗಳಲ್ಲಿ 3 ಒಪ್ಪಿದವು. ಅವುಗಳಲ್ಲೊಂದು ವರ್ಷಕ್ಕೆ ಸುಮಾರು 84,000 ಡಾಲರಿನ ಖರ್ಚಿನಲ್ಲಿ ನನ್ನ ಪಾಲನ್ನು 7,000ದ ಆಸುಪಾಸಿಗೆ ಇಳಿಸಿತು. ಸ್ಟೇಟ್ ಕಾಲೇಜಿನಲ್ಲಿ ಹಾಸ್ಟೆಲ್ ಸೇರಿ ಈ 7,000ಕ್ಕಿಂತ ಎಷ್ಟೋ ಹೆಚ್ಚಾಗುತ್ತಿತ್ತು. ಎರಡನೆಯ ವರ್ಷಕ್ಕೆ ಆ ಕಾಲೇಜು ಹೊಸ ಪುರಾವೆ ಕೇಳದೆ, ಪರಿಸ್ಥಿತಿ ಬದಲಾಗಿಲ್ಲವೆಂಬ ಒಂದು ಸಾಲಿಗೇ ತೃಪ್ತಿಪಟ್ಟಿತು. ನಾನು ಆ ಕವರಿನ ಪ್ರತಿಯನ್ನೂ ಜೊತೆಗಿಟ್ಟೇ ಕಳುಹಿಸಿದೆ.