ಪತ್ರಿಕೆಗಳ ಬೈಂಡಿಂಗ್: ನಾನು ಮೊದಲು ನೋಡುವುದು ಮಡಿಕೆ

ಲೈಬ್ರರಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಬೈಂಡಿಂಗ್ ಅಂದರೆ ಒಂದೇ ಬಗೆ. ವರ್ಷದ ಸಂಚಿಕೆಗಳನ್ನು ಜೋಡಿಸಿ ಕೊಡುವುದು, ಬೈಂಡರ್ ಬೆನ್ನಿನ ಪಕ್ಕ ತೂತು ಹಾಕಿ ಹೊಲಿದು, ರಟ್ಟು ಹಾಕಿ ತರುವುದು. ಗಟ್ಟಿಯಾಗಿರುತ್ತಿತ್ತು, ಸುಳ್ಳು ಹೇಳಬಾರದು.

ಒಂದು ದಿನ ಓದುಗರೊಬ್ಬರು ಅಂಥ ಸಂಪುಟವನ್ನು ಜೆರಾಕ್ಸ್ ಮೆಷಿನ್ ಮೇಲೆ ಒತ್ತಿ ಹಿಡಿದಿದ್ದರು. ಪ್ರತಿ ಸಾಲಿನ ಕೊನೆಯ ಎರಡು ಮೂರು ಅಕ್ಷರ ಕಾಣುತ್ತಿರಲಿಲ್ಲ. ಇನ್ನಷ್ಟು ಒತ್ತಿದರು. ಬೆನ್ನು ಪಟ್ ಅಂತ ಬಿಟ್ಟುಕೊಂಡಿತು. ಅವರನ್ನು ಬೈದು ಏನು ಪ್ರಯೋಜನ? ಆ ಪತ್ರಿಕೆಯ ಒಳಮಾರ್ಜಿನ್ ಇದ್ದದ್ದೇ ಒಂದು ಸೆಂಟಿಮೀಟರ್. ಅದನ್ನೆಲ್ಲ ಹೊಲಿಗೆಯೇ ತಿಂದಿತ್ತು.

ಆಮೇಲಿಂದ ಸಂಚಿಕೆಯ ನಡುಪುಟ ತೆರೆದು ನೋಡದೆ ಕಳಿಸುವುದಿಲ್ಲ. ನಡುವೆ ಪಿನ್ ಹೊಡೆದ, ಮಡಿಕೆ ಇರುವ ಸಂಚಿಕೆಯಾದರೆ ಪಿನ್ ತೆಗೆಸಿ ಮಡಿಕೆಯೊಳಗಿಂದಲೇ ದಾರ ಹಾಯಿಸಿ ಹೊಲಿಸುತ್ತೇನೆ. ಬೆನ್ನು ಕತ್ತರಿಸುವ ಹಾಗೇ ಇಲ್ಲ. ಪುಸ್ತಕ ಮೇಜಿನ ಮೇಲೆ ಚೆನ್ನಾಗಿ ತೆರೆದುಕೊಳ್ಳುತ್ತದೆ, ಮುಂದೆ ಬೇಕಾದರೆ ಬಿಚ್ಚಿ ಮತ್ತೆ ಹೊಲಿಯಬಹುದು. ಕೈಕೆಲಸ ಜಾಸ್ತಿ, ಬೈಂಡರ್ ಗೊಣಗುತ್ತಾರೆ. ಗೊಣಗಲಿ.

ಮಡಿಕೆಯೇ ಇಲ್ಲದೆ ಬಿಡಿ ಹಾಳೆಗಳನ್ನು ಅಂಟಿಸಿದ ಸಂಚಿಕೆಗಳಿಗೆ ಬೀಸಣಿಗೆ ಅಂಟು ಸರಿ. ಹಳೆಯ ಅಂಟನ್ನು ಕತ್ತರಿಸಿ ತೆಗೆದು, ಹಾಳೆಗಳನ್ನು ಇಸ್ಪೀಟು ಎಲೆಯಂತೆ ಒಂದು ಬದಿಗೆ ಬಾಗಿಸಿ ಬಿಳಿ ಅಂಟು ಹಚ್ಚುತ್ತಾರೆ, ಆಮೇಲೆ ಇನ್ನೊಂದು ಬದಿಗೆ. ಪ್ರತಿ ಹಾಳೆಯ ಅಂಚಿಗೂ ಎರಡೂ ಕಡೆ ಕೂದಲೆಳೆಯಷ್ಟು ಅಂಟು ಹಿಡಿಯುತ್ತದೆ. ಬೆನ್ನಿನ ಮೇಲಷ್ಟೇ ಬಳಿದರೆ ಹಾಳೆಗಳು ಉದುರುತ್ತವೆ, ಇದನ್ನು ಪಕ್ಕದಲ್ಲಿ ನಿಂತು ನೋಡಿಯೇ ಖಾತ್ರಿ ಮಾಡಿಕೊಳ್ಳಿ.

ತೊಂದರೆ ಕೊಡುವುದು ಮಿಂಚುವ ಆರ್ಟ್ ಪೇಪರ್. ಮೇಲಿನ ಲೇಪ ಅಂಟನ್ನು ಕಾಗದದ ನಾರಿಗೆ ಇಳಿಯಲು ಬಿಡುವುದಿಲ್ಲ. ಹಾಗಾಗಿ ಮೊದಲು ಒಂದೇ ಸಂಪುಟ ಮಾಡಿಸಿ, ಅಂಟು ಒಣಗಿದ ಮೇಲೆ ನಡುವಿನ ಹಾಳೆ ಹಿಡಿದು ಮೆಲ್ಲಗೆ ಜಗ್ಗಿ ನೋಡುತ್ತೇನೆ. ಬಂದರೆ ಅಂಟು ಬೇಡ. ಒಳಮಾರ್ಜಿನ್ ಧಾರಾಳವಾಗಿದ್ದರೆ ಮಾತ್ರ ಹಳೆಯ ಪಕ್ಕದ ಹೊಲಿಗೆ, ಇಲ್ಲದಿದ್ದರೆ ಡಬ್ಬ, ಅಂದರೆ ಬೈಂಡ್ ಮಾಡಿಸದೆ ಹಾಗೇ ಡಬ್ಬದಲ್ಲಿ ಇಡುವುದು. ಕಾಗದ ತೀರಾ ಹಳತಾಗಿ ಮೂಲೆಯನ್ನು ಒಂದೆರಡು ಸಲ ಮಡಿಸಿದರೇ ಮುರಿಯುವಂತಿದ್ದರೂ ಡಬ್ಬವೇ. ಅದಕ್ಕೆ ಸೂಜಿ ತಾಗಿಸುವುದೇ ತಪ್ಪು.

ದಪ್ಪ ಐದು ಸೆಂಟಿಮೀಟರ್ ದಾಟಿದರೆ ಎರಡು ಭಾಗ ಮಾಡಿಸುತ್ತೇನೆ. ಜಾಹೀರಾತು, ಹೊದಿಕೆ ತೆಗೆಯಲು ಬಿಡುವುದಿಲ್ಲ, ಹೊದಿಕೆಯ ಮೇಲಲ್ವಾ ತಿಂಗಳು ಇರುವುದು! ಅಂಚು ಕತ್ತರಿಸುವುದೂ ಬೇಡ ಅಂತ ಚೀಟಿ ಬರೆದು ಇಡುತ್ತೇನೆ. ಬರೆಯದ ಒಂದು ವರ್ಷ ಪುಟಸಂಖ್ಯೆಗಳೇ ಹಾರಿಹೋಗಿದ್ದವು.

ಸಿಗದ ಸಂಚಿಕೆಗಾಗಿ ಒಂದು ವರ್ಷ ಕಾಯುತ್ತೇನೆ. ಆಮೇಲೆ ಆ ಜಾಗದಲ್ಲಿ ಅಷ್ಟೇ ದಪ್ಪಕ್ಕೆ ಕಾಗದದ ಕಿರುಪಟ್ಟಿಗಳನ್ನು ಸೇರಿಸಿ ಹೊಲಿಸುತ್ತೇನೆ. ಸಂಚಿಕೆ ಮುಂದೆ ಸಿಕ್ಕರೆ ಅದಕ್ಕೇ ಅಂಟಿಸಬಹುದು. ಹೀಗೆ ಕಾಯುತ್ತಿರುವ ಎರಡು ಸಂಪುಟ ಈಗಲೂ ಕಪಾಟಿನಲ್ಲಿವೆ.