ಬ್ರಿಟನ್ನಿನ ಹಳೆಯ ಸಿಟ್‌ಕಾಂಗಳನ್ನು ಕಾಸರಗೋಡಿನಲ್ಲಿ ಕುಳಿತು ನೋಡುವ ಬಗೆ

ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ತಿರುಗಾಟ ನಿಲ್ಲಿಸಿದ ಮೇಲೆ ಕುಂಬಳೆ, ಪೆರ್ಲ, ಬದಿಯಡ್ಕದ ಕಡೆಯ ಮನೆಗಳಲ್ಲಿ ಮಳೆಗಾಲದ ಸಂಜೆಗಳು ಉದ್ದವಾಗುತ್ತವೆ. 1960ರ ದಶಕದಿಂದ 1980ರ ದಶಕದ ಕೊನೆಯವರೆಗೆ ಬ್ರಿಟನ್ನಿನ ಟಿ.ವಿ.ಯಲ್ಲಿ ಬಂದ ಸಿಟ್‌ಕಾಂ ಎಂಬ ಹಾಸ್ಯ ಧಾರಾವಾಹಿಗಳನ್ನು ಮನೆಮಂದಿಯೋ ವಾಚನಾಲಯದ ನಾಲ್ಕಾರು ಗೆಳೆಯರೋ ಒಟ್ಟಿಗೆ ಕುಳಿತು ನೋಡಬೇಕೆಂದಿದ್ದರೆ ಅದಕ್ಕೆ ತಕ್ಕ ಕಾಲ ಇದೇ. ಆದರೆ ಕೈಗೆ ಸಿಕ್ಕಿದ ಕಂತನ್ನು ಸಿಕ್ಕಿದ ಹಾಗೆ ಹಾಕಿದರೆ ಹತ್ತು ನಿಮಿಷ ಕಳೆಯುವುದರೊಳಗೆ ಯಾರಾದರೊಬ್ಬರು ಫೋನು ಕೈಗೆತ್ತಿಕೊಳ್ಳುತ್ತಾರೆ. ಚಿತ್ರ ಮಸುಕು, ಕೋಣೆ ಒಂದೇ, ಮಾತಿನ ವೇಗ ಬಹಳ, ಅದರ ಮೇಲೆ ಕಣ್ಣಿಗೆ ಕಾಣದ ಜನರ ನಗು. ಇವು ರುಚಿಸಬೇಕಾದರೆ ಕಣ್ಣಿಗಿಂತ ಕಿವಿಯನ್ನು ಮೊದಲು ಸಿದ್ಧಪಡಿಸಿಕೊಳ್ಳಬೇಕು. ವೇಷವಿಲ್ಲದೆ, ಕುಣಿತವಿಲ್ಲದೆ, ಇಬ್ಬರು ಅರ್ಥಧಾರಿಗಳು ಕುಳಿತಲ್ಲಿಂದಲೇ ಒಬ್ಬರ ಮಾತನ್ನು ಇನ್ನೊಬ್ಬರು ತಿರುವಿ ಹಾಕುತ್ತ ಗಂಟೆಗಟ್ಟಲೆ ಸಭೆಯನ್ನು ಹಿಡಿದಿಡುವ ತಾಳಮದ್ದಳೆಯನ್ನು ಕೇಳಿ ಬೆಳೆದವರಿಗೆ ಆ ಸಿದ್ಧತೆಯ ಅರ್ಧ ಭಾಗ ಆಗಿಯೇ ಇದೆ.

ಮೊದಲು ಪ್ರತಿಯ ವಿಚಾರ. ಬಿಬಿಸಿಯ ಐಪ್ಲೇಯರ್ ಎಂಬ ಅಂತರ್ಜಾಲ ಸೇವೆ ಬ್ರಿಟನ್ನಿನ ಹೊರಗೆ ತೆರೆಯುವುದಿಲ್ಲವಾದ್ದರಿಂದ ಡಿ.ವಿ.ಡಿ.ಯನ್ನೋ ಇಲ್ಲಿ ದೊರೆಯುವ ಅಧಿಕೃತ ಸೇವೆಗಳನ್ನೋ ಅವಲಂಬಿಸಬೇಕಾಗುತ್ತದೆ. ಡಿ.ವಿ.ಡಿ.ಗಳಿಗೆ ಪ್ರದೇಶ ಸಂಖ್ಯೆಯೊಂದಿದೆ. ಬ್ರಿಟನ್ನಿಗೆ 2, ಭಾರತಕ್ಕೆ 5. ಗಲ್ಫ್ ದೇಶಗಳೂ 2ನೆಯ ಪ್ರದೇಶಕ್ಕೇ ಸೇರುವುದರಿಂದ, ದುಬೈಯಿಂದ ರಜೆಗೆ ಬಂದ ಭಾವನೋ ಅಳಿಯನೋ ತಂದುಕೊಟ್ಟ ಡಿಸ್ಕ್ ಮನೆಯ ಪ್ಲೇಯರಿನಲ್ಲಿ ಓಡದಿದ್ದರೆ ಅದು ಹಾಳಾಗಿದೆಯೆಂದು ತಿಳಿಯಬಾರದು. ಎಲ್ಲ ಪ್ರದೇಶಗಳ ಡಿಸ್ಕನ್ನೂ ಓದುವ ಪ್ಲೇಯರ್ ಬೇಕಷ್ಟೇ. ಇಂಗ್ಲಿಷ್ ಅಡಿಬರಹವಿರುವ ಪ್ರತಿಯನ್ನೇ ಆರಿಸಿರಿ. ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೂ ಲಂಡನ್ನಿನ ಪೂರ್ವಭಾಗದ ಅಥವಾ ಯಾರ್ಕ್‌ಶೈರಿನ ಉಚ್ಚಾರಣೆ ಮೊದಲ ಸಲಕ್ಕೆ ದಕ್ಕುವುದಿಲ್ಲ. ಇನ್ನೊಂದು ಸಣ್ಣ ವಿಷಯ: ಆಗಿನ ಚಿತ್ರದ ಅಗಲ ಮತ್ತು ಎತ್ತರ 4:3ರ ಪ್ರಮಾಣದಲ್ಲಿದ್ದವು. ಈಗಿನ ಟಿ.ವಿ.ಯ ಅಗಲಕ್ಕೆ ಅದನ್ನು ಎಳೆದರೆ ಎಲ್ಲರ ಮುಖವೂ ಊದಿಕೊಳ್ಳುತ್ತದೆ. ಎರಡು ಬದಿಯಲ್ಲಿ ಕಪ್ಪು ಪಟ್ಟಿ ಉಳಿದರೂ ಚಿಂತೆಯಿಲ್ಲ, ಮೂಲ ಅಳತೆಯಲ್ಲೇ ನೋಡಬೇಕು. ನಗುವಿನ ತುಣುಕುಗಳನ್ನಷ್ಟೇ ಕತ್ತರಿಸಿ ಜೋಡಿಸಿದ ವಿಡಿಯೋಗಳನ್ನು ದೂರವಿಡಿರಿ. ಈ ಕಂತುಗಳಲ್ಲಿ ಕೊನೆಯ ಐದು ನಿಮಿಷದ ನಗು ಮೊದಲ ಹತ್ತು ನಿಮಿಷದ ತಾಳ್ಮೆಯ ಮೇಲೆ ನಿಂತಿರುತ್ತದೆ.

ಇವುಗಳನ್ನು ತಯಾರಿಸುತ್ತಿದ್ದ ಕ್ರಮ ತಿಳಿದಿದ್ದರೆ ಅನೇಕ ಸಂಗತಿಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಸಾಮಾನ್ಯವಾಗಿ ಕೆಲವು ದಿನ ತಾಲೀಮು ನಡೆಸಿ, ಒಂದು ಸಂಜೆ ಸ್ಟುಡಿಯೋದಲ್ಲಿ ಪ್ರೇಕ್ಷಕರನ್ನು ಕೂರಿಸಿ, ಹಲವು ಕ್ಯಾಮೆರಾಗಳಿಂದ ಇಡೀ ಕಂತನ್ನು ನಾಟಕದಂತೆ ಮುದ್ರಿಸಿಕೊಳ್ಳುತ್ತಿದ್ದರು. ಆದ್ದರಿಂದ ಕೇಳಿಬರುವ ನಗು ಹೆಚ್ಚಿನಂಶ ಅಲ್ಲಿ ಕುಳಿತಿದ್ದವರದೇ. ನಟರು ಆ ನಗು ಇಳಿಯುವವರೆಗೆ ಮುಂದಿನ ಮಾತನ್ನು ತಡೆಹಿಡಿಯುತ್ತಾರೆ, ಆ ತಡೆಯಲ್ಲೂ ಮುಖದಿಂದ ಏನನ್ನೋ ಹೇಳುತ್ತಿರುತ್ತಾರೆ. ಹೊರಾಂಗಣದ ದೃಶ್ಯಗಳನ್ನು ಮಾತ್ರ ಮುಂಚಿತವಾಗಿ ಫಿಲ್ಮಿನಲ್ಲಿ ತೆಗೆದು ಆ ಪ್ರೇಕ್ಷಕರಿಗೆ ತೋರಿಸುತ್ತಿದ್ದರು. ಪಾತ್ರವೊಂದು ಬಾಗಿಲು ದಾಟಿ ಅಂಗಳಕ್ಕೆ ಇಳಿದೊಡನೆ ಚಿತ್ರದ ಬಣ್ಣವೂ ನಯವೂ ಥಟ್ಟನೆ ಬದಲಾಗುವುದು ಇದರಿಂದಲೇ, ಟಿ.ವಿ.ಯನ್ನು ರಿಪೇರಿಗೆ ಕೊಡಬೇಕಾಗಿಲ್ಲ. ಒಂದು ಸರಣಿಗೆ, ಅಂದರೆ ಒಂದು ಸಲಕ್ಕೆ ಸಾಲಾಗಿ ಪ್ರಸಾರವಾಗುವ ಕಂತುಗಳ ಗೊಂಚಲಿಗೆ, ಬಹುಪಾಲು ಆರೇಳು ಕಂತುಗಳೇ ಇರುವುದಕ್ಕೂ ಕಾರಣವಿದೆ: ಇಡೀ ಸರಣಿಯನ್ನು ಒಬ್ಬರೋ ಇಬ್ಬರೋ ಲೇಖಕರೇ ಬರೆಯುತ್ತಿದ್ದರು.

ಇನ್ನು ಕಥೆಯ ಒಳಗಿನ ಕೀಲಿ. ಬ್ರಿಟನ್ನಿನ ಈ ಹಾಸ್ಯದಲ್ಲಿ ಬಹುಮಟ್ಟಿಗೆ ಎಲ್ಲವೂ ಅಂತಸ್ತಿನ ಮೇಲೆ ನಿಂತಿದೆ. ಪ್ರತಿ ಧಾರಾವಾಹಿಯ ನಡುವೆಯೂ ತಾನಿರುವ ಮೆಟ್ಟಿಲಿಗಿಂತ ಒಂದು ಮೆಟ್ಟಿಲು ಮೇಲಿದ್ದೇನೆಂದು ನಂಬಿರುವ, ಅಥವಾ ಇತರರು ಹಾಗೆ ನಂಬಬೇಕೆಂದು ಹೆಣಗುವ ವ್ಯಕ್ತಿಯೊಬ್ಬ ಇರುತ್ತಾನೆ. ಅವನ ಪಕ್ಕದಲ್ಲೇ ಅದನ್ನು ಕಂಡುಕೊಂಡಿರುವ ಇನ್ನೊಬ್ಬ ಇರುತ್ತಾನೆ. ಮೊದಲ ಹತ್ತು ನಿಮಿಷದಲ್ಲಿ ಈ ಇಬ್ಬರನ್ನು ಗುರುತಿಸುವುದೇ ನೋಡುಗರ ಮುಖ್ಯ ಕೆಲಸ. ಅಂತಸ್ತನ್ನು ಅಲ್ಲಿ ದುಡ್ಡಿಗಿಂತ ಹೆಚ್ಚಾಗಿ ಶಾಲೆಯಿಂದಲೂ ಉಚ್ಚಾರಣೆಯಿಂದಲೂ ಅಳೆಯುತ್ತಾರೆ. ಪಬ್ಲಿಕ್ ಸ್ಕೂಲ್ ಎಂದರೆ ಅಲ್ಲಿ ದುಬಾರಿ ಶುಲ್ಕದ ಖಾಸಗಿ ಶಾಲೆ ಎಂಬಷ್ಟನ್ನಾದರೂ ಜೊತೆಗೆ ಕೂರುವವರಿಗೆ ಮೊದಲೇ ಹೇಳಿಡಬೇಕು. ಹಾಗೆಯೇ 1971ರ ಫೆಬ್ರವರಿ 15ರವರೆಗೆ ಒಂದು ಪೌಂಡಿಗೆ 20 ಶಿಲ್ಲಿಂಗ್, ಒಂದು ಶಿಲ್ಲಿಂಗಿಗೆ 12 ಪೆನ್ಸ್ ಇದ್ದುದನ್ನೂ ಹೇಳಿಡಬೇಕು. ಆಣೆಯ ಲೆಕ್ಕ ಬಲ್ಲ ಹಿರಿಯರು ಮನೆಯಲ್ಲಿದ್ದರೆ ಅವರಿಗೆ ಇದು ಬೇಗ ತಿಳಿಯುತ್ತದೆ.

ಆರಂಭಕ್ಕೆ ನನ್ನ ಆಯ್ಕೆ 'ಯೆಸ್ ಮಿನಿಸ್ಟರ್'. ಬಿಬಿಸಿಯಲ್ಲಿ 1980ರಿಂದ 1984ರವರೆಗೆ ಈ ಹೆಸರಿನಲ್ಲಿಯೂ, 1986ರಿಂದ 1988ರವರೆಗೆ 'ಯೆಸ್, ಪ್ರೈಮ್ ಮಿನಿಸ್ಟರ್' ಎಂಬ ಹೆಸರಿನಲ್ಲಿಯೂ ಒಟ್ಟು 38 ಕಂತುಗಳಾಗಿ ಬಂದ ಇದನ್ನು ಬರೆದವರು ಆಂಟನಿ ಜೇ ಮತ್ತು ಜೊನಾಥನ್ ಲಿನ್. ಮಂತ್ರಿ ಜಿಮ್ ಹ್ಯಾಕರ್, ಅವನ ಇಲಾಖೆಯ ಕಾರ್ಯದರ್ಶಿ ಸರ್ ಹಂಫ್ರಿ ಆಪಲ್‌ಬಿ, ಇಬ್ಬರ ನಡುವೆ ಸಿಕ್ಕಿಕೊಂಡ ಆಪ್ತ ಕಾರ್ಯದರ್ಶಿ ಬರ್ನಾರ್ಡ್ ವೂಲಿ ಎಂಬ ಮೂವರೇ ಇದರ ಆಧಾರ. ಹ್ಯಾಕರ್ ಓದಿದ್ದು ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸಿನಲ್ಲಿ, ಹಂಫ್ರಿ ಆಕ್ಸ್‌ಫರ್ಡಿನಲ್ಲಿ. ಮಂತ್ರಿಯ ಕುರ್ಚಿ ಎತ್ತರದಲ್ಲಿದ್ದರೂ ಕಾರ್ಯದರ್ಶಿ ಅವನನ್ನು ಕೆಳಗಿಟ್ಟೇ ನೋಡುವುದು ಆ ಬಲದ ಮೇಲೆ. ಇದನ್ನು ಮೊದಲಿಗೆ ಸೂಚಿಸಲು ಎರಡು ಕಾರಣಗಳಿವೆ. ಒಂದು, ಹಂಫ್ರಿಯ ಪಾತ್ರ ಮಾಡಿದ ನೈಜೆಲ್ ಹಾಥಾರ್ನ್ ಅವರ ಉಚ್ಚಾರಣೆ ಗಾಜಿನಷ್ಟು ಸ್ವಚ್ಛ. ವಾಕ್ಯ ಎಷ್ಟೇ ಉದ್ದವಾದರೂ ಒಂದೊಂದು ಪದವೂ ಕೇಳಿಸುತ್ತದೆ. ಇನ್ನೊಂದು, ವಿಷಯ ನಮ್ಮದೇ. 1956ರ ನವೆಂಬರಿನಲ್ಲಿ ಕೇರಳಕ್ಕೆ ಸೇರಿದ ಮೇಲೆ ಮಲಯಾಳದ ಸರಕಾರಿ ಕಾಗದವನ್ನು ಕೈಯಲ್ಲಿ ಹಿಡಿದು ಓದಿಸಿಕೊಳ್ಳಲು ಯಾರನ್ನಾದರೂ ಹುಡುಕಿಕೊಂಡು ಹೋದ ಕನ್ನಡಿಗರ ಊರು ಇದು. ಕಡತದ ಭಾಷೆ ಜನರಿಗೆ ಅರ್ಥವಾಗದಿರುವುದರಲ್ಲಿ ಯಾರಿಗೋ ಅನುಕೂಲವಿದೆ ಎಂಬ ಹಂಫ್ರಿಯ ರಹಸ್ಯ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾದದ್ದಲ್ಲ.

ಮೊದಲ ಕಂತಿನಿಂದ ಕ್ರಮವಾಗಿ ಹೋಗಬೇಕೆಂಬ ಕಟ್ಟುಪಾಡು ಇಲ್ಲಿ ಬೇಡ. 1981ರ 'ದಿ ಕಂಪ್ಯಾಷನೇಟ್ ಸೊಸೈಟಿ' ಎಂಬ ಕಂತಿನಿಂದ ತೊಡಗಿರಿ. ಹೊಸ ಆಸ್ಪತ್ರೆಯೊಂದು ಕಟ್ಟಿ ನಿಂತಿದೆ, 500 ಮಂದಿ ಆಡಳಿತ ಮತ್ತಿತರ ಸಿಬ್ಬಂದಿ ಕೈತುಂಬ ಕೆಲಸ ಮಾಡುತ್ತಿದ್ದಾರೆ, ರೋಗಿ ಮಾತ್ರ ಒಬ್ಬನೂ ಇಲ್ಲ. ಮತ್ತು ಅದು ಬಹಳ ಚೆನ್ನಾಗಿ ನಡೆಯುತ್ತಿರುವ ಆಸ್ಪತ್ರೆಯೆಂದು ಎಲ್ಲರೂ ಮನಃಪೂರ್ವಕ ನಂಬಿದ್ದಾರೆ. ಕಂತು ಹಾಕುವ ಮೊದಲು ಯಾರಾದರೊಬ್ಬರು ಎರಡು ನಿಮಿಷದಲ್ಲಿ ಕನ್ನಡದಲ್ಲಿ ಹಿನ್ನೆಲೆ ಹೇಳಿದರೆ ಸಾಕು. ನಡುವೆ ನಿಲ್ಲಿಸಿ ಸಾಲು ಸಾಲಿಗೂ ಅರ್ಥ ಹೇಳಬಾರದು. ಹಂಫ್ರಿಯ ಉದ್ದನೆಯ ವಾಕ್ಯದಲ್ಲಿ ಮಂತ್ರಿಗೆ ದಾರಿ ತಪ್ಪುವುದೇ ಹಾಸ್ಯವಾದ್ದರಿಂದ, ನಮಗೂ ಸ್ವಲ್ಪ ದಾರಿ ತಪ್ಪಿದರೆ ನಷ್ಟವಿಲ್ಲ. ಆಗ ಮಂತ್ರಿಯ ಮುಖವನ್ನೋ ಬರ್ನಾರ್ಡನ ಕಣ್ಣನ್ನೋ ನೋಡುತ್ತಿದ್ದರಾಯಿತು. ಇದೇ ಕಥೆಗಳನ್ನು ಆಧರಿಸಿ 2001ರಲ್ಲಿ ಹಿಂದಿಯಲ್ಲಿ ಫಾರೂಕ್ ಶೇಖ್ ಅಭಿನಯದ 'ಜೀ ಮಂತ್ರೀಜೀ' ಬಂದಿತ್ತು. ಹಿಂದಿ ಬಲ್ಲವರಿಗೆ ಅದು ಒಳ್ಳೆಯ ಒರೆಗಲ್ಲು.

ಕಿವಿ ಪಳಗಿದ ಮೇಲೆ 'ಫಾಲ್ಟಿ ಟವರ್ಸ್'. 1975ರಲ್ಲಿ ಆರು, 1979ರಲ್ಲಿ ಆರು, ಒಟ್ಟು 12 ಕಂತುಗಳು ಮಾತ್ರ; ಬರೆದವರು ಜಾನ್ ಕ್ಲೀಸ್ ಮತ್ತು ಕಾನಿ ಬೂತ್. 1970ರಲ್ಲಿ ಕ್ಲೀಸ್ ಮತ್ತು ಅವರ ಸಂಗಡಿಗರು ಟಾರ್ಕಿ ಪಟ್ಟಣದ ಗ್ಲೆನ್ ಈಗಲ್ಸ್ ಹೋಟೆಲಿನಲ್ಲಿ ತಂಗಿದ್ದಾಗ ಕಂಡ ಮಾಲೀಕನ ಒರಟುತನದಿಂದ ಇದರ ಹೋಟೆಲ್ ಮಾಲೀಕ ಬೇಸಿಲ್ ಫಾಲ್ಟಿಯ ಪಾತ್ರ ಹುಟ್ಟಿತು. ಇದನ್ನು ಮೊದಲ ಕಂತಿನಿಂದಲೇ ನೋಡಬೇಕು. ಅದರಲ್ಲಿ ಬೇಸಿಲ್ ಸಾಮಾನ್ಯ ಗಿರಾಕಿಗಳನ್ನು ಕಸದಂತೆ ಕಾಣುತ್ತ, ಲಾರ್ಡ್ ಎಂದು ಹೇಳಿಕೊಂಡು ಬಂದ ಒಬ್ಬನ ಮುಂದೆ ನೆಲಕ್ಕೆ ಬಾಗುತ್ತಾನೆ. ಆ ಲಾರ್ಡ್ ಬರೀ ಮೋಸಗಾರ. ಮೆಟ್ಟಿಲಿನ ಲೆಕ್ಕಾಚಾರವನ್ನು ಇಷ್ಟು ಬೇಗ ಕಲಿಸಿಕೊಡುವ ಅರ್ಧ ಗಂಟೆ ಇನ್ನೊಂದಿಲ್ಲ. ಇಲ್ಲಿ ಓಡಾಟ, ಬೀಳುವಿಕೆ, ಏಟು ಎಲ್ಲವೂ ಇರುವುದರಿಂದ ಮಕ್ಕಳೂ ನಗುತ್ತಾರೆ. ಆದರೆ ಒಂದು ಸಂಜೆಗೆ ಎರಡು ಕಂತಿಗಿಂತ ಹೆಚ್ಚು ಬೇಡ. ಬೇಸಿಲನ ಸಿಟ್ಟು ನೋಡುವವರನ್ನೂ ದಣಿಸುತ್ತದೆ.

'ಸ್ಟೆಪ್ಟೋ ಅಂಡ್ ಸನ್' ಇದಕ್ಕಿಂತ ಹಳೆಯದು, 1962ರಿಂದ 1974ರ ನಡುವಿನದು. ರೇ ಗಾಲ್ಟನ್ ಮತ್ತು ಆಲನ್ ಸಿಂಪ್ಸನ್ ಬರೆದದ್ದು. ಲಂಡನ್ನಿನಲ್ಲಿ ಕುದುರೆಗಾಡಿಯಲ್ಲಿ ಗುಜರಿ ಸಂಗ್ರಹಿಸಿ ಬದುಕುವ ಮುದಿ ತಂದೆ, ಪುಸ್ತಕ, ಸಂಗೀತ, ದೊಡ್ಡ ಜನರ ಸಹವಾಸವೆಂದು ಕನಸು ಕಾಣುವ ನಡುವಯಸ್ಸಿನ ಮಗ. ಮಗನಿಗೆ ಮನೆ ಬಿಟ್ಟು ಹೋಗಬೇಕು, ಹೋಗಲಾಗದು. ನನ್ನ ಮಟ್ಟಿಗೆ ಇವೆಲ್ಲವುಗಳಲ್ಲಿ ಅತ್ಯಂತ ಆಳವಾದದ್ದು ಇದೇ, ಅತ್ಯಂತ ಕಹಿಯಾದದ್ದೂ ಇದೇ. 1972ರ 'ಡಿವೈಡೆಡ್ ವಿ ಸ್ಟ್ಯಾಂಡ್' ಕಂತಿನಲ್ಲಿ ಮಗ ಮನೆಯ ನಡುವೆ ಅಡ್ಡಗೋಡೆ ಎಬ್ಬಿಸಿ ತಂದೆಯೊಡನೆ ಪಾಲು ಮಾಡಿಕೊಳ್ಳುತ್ತಾನೆ, ಟಿ.ವಿ. ಮಾತ್ರ ಒಂದೇ. ತರವಾಡು ಮನೆಯ ಪಾಲುಪಟ್ಟಿಯ ಮಾತುಕತೆಯಲ್ಲಿ ಕುಳಿತು ಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಆದರೆ ಆ ಮಾತುಕತೆ ಇನ್ನೂ ನಡೆಯುತ್ತಿರುವ ಮನೆಯಲ್ಲಿ ಹಾಕುವ ಮೊದಲು ಯೋಚಿಸುವುದು ಒಳ್ಳೆಯದು.

'ಡ್ಯಾಡ್ಸ್ ಆರ್ಮಿ' ಮನೆಮಂದಿಯೆಲ್ಲ ಕೂರಬಹುದಾದದ್ದು. 1940ರಲ್ಲಿ ಜರ್ಮನರು ದಾಳಿಯಿಡುವ ಭಯದಲ್ಲಿದ್ದ ಬ್ರಿಟನ್, ಸೈನ್ಯಕ್ಕೆ ಸೇರಲಾಗದ ಮುದುಕರನ್ನೂ ಹುಡುಗರನ್ನೂ ಕೂಡಿಸಿ ಕಟ್ಟಿದ ಹೋಂ ಗಾರ್ಡ್ ಪಡೆಯ ಕಥೆಯಿದು. 1968ರಿಂದ 1977ರವರೆಗೆ 80 ಕಂತುಗಳು. ಬ್ಯಾಂಕ್ ಮ್ಯಾನೇಜರ್ ಮೇನ್‌ವೇರಿಂಗ್ ಪಡೆಯ ಕ್ಯಾಪ್ಟನ್, ಅವನ ಕೈಕೆಳಗಿನ ವಿಲ್ಸನ್ ಸಾರ್ಜೆಂಟ್. ಆದರೆ ವಿಲ್ಸನ್ ಪಬ್ಲಿಕ್ ಸ್ಕೂಲಿನಲ್ಲಿ ಓದಿದ ಒಳ್ಳೆಯ ಮನೆತನದವನು, ಮೇನ್‌ವೇರಿಂಗ್ ಅಲ್ಲ. ವಿಲ್ಸನ್ ಮೃದುವಾಗಿ ಒಂದು ಮಾತು ಆಡಿದಾಗಲೆಲ್ಲ ಕ್ಯಾಪ್ಟನ್ನಿನ ಮುಖ ಏಕೆ ಗಂಟಾಗುತ್ತದೆಂಬುದು ಇಷ್ಟು ತಿಳಿದವರಿಗೆ ಗೊತ್ತಾಗುತ್ತದೆ. 1973ರ 'ದಿ ಡೆಡ್ಲಿ ಅಟ್ಯಾಚ್‌ಮೆಂಟ್' ಕಂತಿನಲ್ಲಿ ಸೆರೆಸಿಕ್ಕ ಜರ್ಮನ್ ನೌಕಾಧಿಕಾರಿಯು ಪಡೆಯ ಹುಡುಗ ಪೈಕನ ಹೆಸರು ಕೇಳಿದಾಗ, ಹೇಳಬೇಡ ಎನ್ನುವ ಭರದಲ್ಲಿ ಕ್ಯಾಪ್ಟನ್ನೇ ಅವನ ಹೆಸರು ಹಿಡಿದು ಕೂಗಿಬಿಡುತ್ತಾನೆ. ಓದುಗರಿಗೆ ಇಲ್ಲಿ ಹೇಳಿದ್ದಾಯಿತು, ಜೊತೆಗೆ ಕೂರುವವರಿಗೆ ದಯವಿಟ್ಟು ಮುಂಚಿತವಾಗಿ ಹೇಳದಿರಿ. ಎರಡನೆಯ ಸರಣಿಯ ಮೂರು ಕಂತುಗಳನ್ನು ಹುಡುಕುವ ಶ್ರಮವೂ ಬೇಡ. ದುಬಾರಿಯಾಗಿದ್ದ ಟೇಪನ್ನು ಅಳಿಸಿ ಮತ್ತೆ ಬಳಸುತ್ತಿದ್ದ ಕಾಲದಲ್ಲಿ ಅವು ನಷ್ಟವಾದವು.

ಎಚ್ಚರಿಕೆಯಿಂದ ನೋಡಬೇಕಾದವುಗಳೂ ಇವೆ. ಬ್ರಿಟನ್ನಿನ ಖಾಸಗಿ ವಾಹಿನಿ ಐ.ಟಿ.ವಿ.ಯಲ್ಲಿ 1977ರಿಂದ 1979ರವರೆಗೆ ಬಂದ 'ಮೈಂಡ್ ಯುವರ್ ಲ್ಯಾಂಗ್ವೇಜ್' ನಮ್ಮಲ್ಲಿ ಬಹಳ ಜನಪ್ರಿಯ. 1993ರ ಹಿಂದಿ 'ಜಬಾನ್ ಸಂಭಾಲ್‌ಕೆ' ಅದರ ರೂಪಾಂತರ. ಬೇರೆ ಬೇರೆ ದೇಶದವರು ಲಂಡನ್ನಿನ ಸಂಜೆ ತರಗತಿಯಲ್ಲಿ ಇಂಗ್ಲಿಷ್ ಕಲಿಯುವ ಕಥೆಯಾದ್ದರಿಂದ, ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಎಂದು ಬೆಳೆದ ಕಾಸರಗೋಡಿನವರಿಗೆ ಅದು ಮೊದಲ ನೋಟಕ್ಕೇ ಹಿಡಿಸುತ್ತದೆ. ಆದರೆ ಅಲ್ಲಿ ಸಿಖ್ಖನಿಗೆ ಒಂದು ಅಭ್ಯಾಸ, ಜಪಾನಿನವನಿಗೆ ಒಂದು ಅಭ್ಯಾಸ ಎಂದು ಹಂಚಿಕೊಟ್ಟು, ಮೂರು ಸರಣಿ ಮುಗಿದರೂ ಯಾರನ್ನೂ ಅದರಿಂದಾಚೆ ಬೆಳೆಯಲು ಬಿಡುವುದಿಲ್ಲ. ನಾಲ್ಕು ಕಂತು ನೋಡಿ ನಿಲ್ಲಿಸಿದರೆ ಸಾಕು. ಮಹಾರಾಷ್ಟ್ರದ ದೇವಳಾಲಿಯ ಸೇನಾ ಶಿಬಿರದಲ್ಲಿ ಆರಂಭವಾಗುವ 'ಇಟ್ ಏಂಟ್ ಹಾಫ್ ಹಾಟ್ ಮಮ್' ಇದಕ್ಕಿಂತ ತೊಡಕಿನದು. ಡ್ಯಾಡ್ಸ್ ಆರ್ಮಿ ಬರೆದ ಜಿಮ್ಮಿ ಪೆರಿ ಮತ್ತು ಡೇವಿಡ್ ಕ್ರಾಫ್ಟ್ ಅವರೇ ಇದನ್ನೂ ಬರೆದರು, ಪೆರಿ ಸ್ವತಃ ದೇವಳಾಲಿಯಲ್ಲಿ ಸೈನಿಕರ ಮನರಂಜನಾ ತಂಡದಲ್ಲಿದ್ದವರು. ಆದರೂ ಭಾರತೀಯನ ಮುಖ್ಯ ಪಾತ್ರವನ್ನು ಮೈಕೆಲ್ ಬೇಟ್ಸ್ ಎಂಬ ಬಿಳಿಯ ನಟ ಮುಖಕ್ಕೆ ಬಣ್ಣ ಬಳಿದು ಮಾಡಿದರು. ಬೇಟ್ಸ್ ಹುಟ್ಟಿದ್ದು ಝಾನ್ಸಿಯಲ್ಲಿ, ಅವರ ಅಭಿನಯದಲ್ಲಿ ತಿರಸ್ಕಾರವಿಲ್ಲ ಎಂಬುದು ನಿಜ. ಅದು ಆ ಬಣ್ಣವನ್ನು ಅಳಿಸುವುದಿಲ್ಲ. ಬಿಬಿಸಿ ಬಹುಕಾಲದಿಂದ ಇದನ್ನು ಮರುಪ್ರಸಾರ ಮಾಡಿಲ್ಲ. ದೊಡ್ಡವರು ಮೊದಲು ಒಂಟಿಯಾಗಿ ನೋಡಿ, ಮಕ್ಕಳ ಮುಂದೆ ಹಾಕುವುದಾದರೆ ಈ ವಿಷಯವನ್ನು ಮಾತಾಡಿಯೇ ಹಾಕಬೇಕು. ನಗುವಿನ ನಡುವೆ ಸದ್ದಿಲ್ಲದೆ ದಾಟಿಸಿಬಿಡುವುದು ಸರಿಯಲ್ಲ.

ಹಗುರವಾಗಿ ಏನಾದರೂ ಬೇಕೆನಿಸಿದಾಗ ರಾಯ್ ಕ್ಲಾರ್ಕ್ ಬರೆದ 'ಓಪನ್ ಆಲ್ ಅವರ್ಸ್' ಇದೆ. ಮೂಲೆಯಂಗಡಿಯ ಜಿಪುಣ ಮುದುಕ, ಬೆರಳು ಕಚ್ಚುವಂತೆ ಮುಚ್ಚಿಕೊಳ್ಳುವ ಗಲ್ಲಾ ಪೆಟ್ಟಿಗೆ, ಬಡಪಾಯಿ ಸೋದರಳಿಯ. ಅವರದೇ 'ಲಾಸ್ಟ್ ಆಫ್ ದಿ ಸಮ್ಮರ್ ವೈನ್' 1973ರಿಂದ 2010ರವರೆಗೆ 295 ಕಂತು ನಡೆಯಿತು, ಎಲ್ಲವನ್ನೂ ನೋಡುವ ಸಂಕಲ್ಪ ಯಾರಿಗೂ ಬೇಡ. ಒಂದೊಂದು ಸರಣಿಯಲ್ಲಿ ಇತಿಹಾಸದ ಒಂದೊಂದು ಕಾಲಕ್ಕೆ ಹೋಗುವ 'ಬ್ಲ್ಯಾಕ್ ಆಡರ್' ಅನ್ನು ಕೊನೆಗೆ ಇಟ್ಟುಕೊಳ್ಳಿರಿ ಮತ್ತು ಅದರ ಮೊದಲ ಸರಣಿ ಹಿಡಿಸದಿದ್ದರೆ ಬಿಟ್ಟುಬಿಡಬೇಡಿರಿ. ಬೆನ್ ಎಲ್ಟನ್ ಲೇಖಕರಾಗಿ ಸೇರಿದ ಎರಡನೆಯ ಸರಣಿಯಿಂದ ಅದರ ಮಾತಿಗೆ ಮೊನೆ ಬರುತ್ತದೆ. ಮೊದಲ ಮಹಾಯುದ್ಧದ ಕಂದಕದಲ್ಲಿ ನಡೆಯುವ 1989ರ ನಾಲ್ಕನೆಯ ಸರಣಿಯನ್ನು ಮಾತ್ರ ಆರೂ ಕಂತು ಕ್ರಮವಾಗಿಯೇ ನೋಡಬೇಕು. ಕೊನೆಯ ಕಂತಿನ ನಂತರ ಆ ರಾತ್ರಿ ಬೇರೇನನ್ನೂ ಹಾಕಬಾರದು.

ಕ್ರಿಸ್‌ಮಸ್ಸಿಗೆಂದು ತಯಾರಿಸಿದ ವಿಶೇಷ ಕಂತುಗಳು ಸಾಮಾನ್ಯವಾಗಿ ಉದ್ದವಾಗಿದ್ದು, ಪಾತ್ರಗಳನ್ನು ಮೊದಲೇ ಬಲ್ಲವರಿಗಾಗಿ ಬರೆದವು, ಅವುಗಳಿಂದ ಆರಂಭಿಸಬೇಡಿರಿ. ಬಿಡಲೇಬಾರದಾದದ್ದು ಒಂದೇ, ಯೆಸ್ ಮಿನಿಸ್ಟರಿನ 1984ರ 'ಪಾರ್ಟಿ ಗೇಮ್ಸ್'. ಹ್ಯಾಕರ್ ಪ್ರಧಾನಿಯಾಗುವುದು ಅದರಲ್ಲೇ ಆದ್ದರಿಂದ, ಅದನ್ನು ಬಿಟ್ಟು ಮುಂದಿನ ಸರಣಿ ಹಾಕಿದರೆ ಇವನು ಆ ಕುರ್ಚಿಗೆ ಬಂದದ್ದು ಹೇಗೆಂದು ಎಲ್ಲರೂ ನಿಮ್ಮನ್ನೇ ಕೇಳುತ್ತಾರೆ.