ಫಾಕ್ಸ್‌ಪ್ರೊ ಕಡತದಿಂದ ಹಳೇ ಲೆಕ್ಕ ಹೊರತೆಗೆಯುವುದು: ‘ತುಮಕೂರು’ ‘ತುವುಕೂರು’ ಆಗದಂತೆ

ಕೋಲಾರದ ಟೊಮೆಟೊ ಮಂಡಿಯಲ್ಲೋ, ತಿಪಟೂರಿನ ಕೊಬ್ಬರಿ ಅಂಗಡಿಯಲ್ಲೋ, ಶಿಡ್ಲಘಟ್ಟದ ಕಡೆಯ ಹಾಲಿನ ಡೈರಿಯಲ್ಲೋ ಮೂಲೆಗಿಟ್ಟ ಹಳೇ ಕಂಪ್ಯೂಟರು. ಅದರಲ್ಲಿ ಫಾಕ್ಸ್‌ಪ್ರೊ ಇಲ್ಲವೇ ಕ್ಲಿಪ್ಪರ್ ಎಂಬ ಹಳೇ ಡೇಟಾಬೇಸ್ ತಂತ್ರಾಂಶದಲ್ಲಿ ಬರೆದ ಲೆಕ್ಕದ ಪ್ರೋಗ್ರಾಂ. ಬರೆದವರು ಊರಲ್ಲಿಲ್ಲ, ಸೋರ್ಸ್ ಕೋಡ್ ಸಿಗುವುದಿಲ್ಲ. ‘ಹಳೇದೆಲ್ಲ ಹೊಸದಕ್ಕೆ ಹಾಕ್ಕೊಡಿ ಸಾರ್, ಒಂದು ಬಿಲ್ಲೂ ತಪ್ಪಬಾರದು’ ಅನ್ನುತ್ತಾರೆ ಮಾಲೀಕರು. ಇಂಥ ಕೆಲಸ ನಿಮ್ಮ ಕೈಗೆ ಬಂದರೆ ಹೆದರಬೇಡಿ. ಇವು ಡೇಟಾ ಇಡುವ ಡಿಬಿಎಫ್ ಕಡತದ ರಚನೆ ಬಹಳ ಸರಳ, ಪ್ರೋಗ್ರಾಂ ಸತ್ತರೂ ಡೇಟಾ ಓದಬಹುದು. ಕಷ್ಟವಿರುವುದು ಅದರೊಳಗಿನ ಕನ್ನಡದಲ್ಲಿ.

ಮೊದಲು ನಕಲು

ಎಲ್ಲರೂ ಪ್ರೋಗ್ರಾಂನಿಂದ ಹೊರಬಂದ ಮೇಲೆ ಇಡೀ ಫೋಲ್ಡರನ್ನು ಎರಡು ಸಲ ನಕಲು ಮಾಡಿ. ಒಂದನ್ನು ರೀಡ್ ಓನ್ಲಿ ಮಾಡಿ ಎತ್ತಿಡಿ, ಇನ್ನೊಂದರ ಮೇಲೆ ಕೆಲಸ ಮಾಡಿ. ಡಿಬಿಎಫ್ ಕಡತ ಮಾತ್ರ ತಂದರೆ ಸಾಲದು. ಎಫ್‌ಪಿಟಿ, ಡಿಬಿಟಿ ಎಂಬ ಕಡತಗಳಲ್ಲಿ ಮೆಮೊ, ಅಂದರೆ ಉದ್ದದ ಬರಹ ಇರುತ್ತದೆ. ಅದು ಬಿಟ್ಟುಹೋದರೆ ದಾಖಲೆಯಲ್ಲಿ ಉಳಿಯುವುದು ಬ್ಲಾಕ್ ನಂಬರು ಮಾತ್ರ, ಬರಹ ಇರುವುದಿಲ್ಲ. ಸಿಡಿಎಕ್ಸ್, ಐಡಿಎಕ್ಸ್, ಎನ್‌ಟಿಎಕ್ಸ್ ಇಂಡೆಕ್ಸುಗಳಲ್ಲಿ ಡೇಟಾ ಇಲ್ಲ, ಆದರೂ ತನ್ನಿ. ಇಂಡೆಕ್ಸಿನ ಸೂತ್ರ ‘ದಿನಾಂಕ + ಬಿಲ್ ನಂಬರ್’ ಎಂದಿದ್ದರೆ, ಬಿಲ್ ನಂಬರು ದಿನಾ ಒಂದರಿಂದ ಶುರುವಾಗುವ ಸಂಭವವಿದೆ. ಅದು ಗೊತ್ತಿಲ್ಲದೆ ಬಿಲ್ ನಂಬರೊಂದನ್ನೇ ಪ್ರೈಮರಿ ಕೀ ಮಾಡಿದರೆ ಎರಡನೇ ದಿನದ ಬಿಲ್ಲಿಗೇ ಇಂಪೋರ್ಟ್ ನಿಲ್ಲುತ್ತದೆ.

ಪ್ಯಾಕ್ ಆದೇಶವನ್ನು ಯಾವ ಕಾರಣಕ್ಕೂ ಕೊಡಬೇಡಿ. ಡಿಬಿಎಫ್‌ನಲ್ಲಿ ಅಳಿಸುವುದೆಂದರೆ ಗುರುತು ಹಾಕುವುದು ಅಷ್ಟೇ: ಪ್ರತಿ ದಾಖಲೆಯ ಮೊದಲ ಬೈಟ್ 32 ಇದ್ದರೆ ಬದುಕಿದೆ, 42 ಅಂದರೆ ನಕ್ಷತ್ರ ಚಿಹ್ನೆ ಇದ್ದರೆ ಅಳಿಸಿದ್ದು. ಪ್ಯಾಕ್ ಮಾಡಿದರೆ ಅದು ಶಾಶ್ವತವಾಗಿ ಹೋಗುತ್ತದೆ. ರದ್ದಾದ ಬಿಲ್ಲಿನ ಬಗ್ಗೆ ರೈತರು ಬಂದು ಕೇಳಿದಾಗ ತೋರಿಸಲು ಇರುವುದು ಅದೊಂದೇ. ಹೊಸ ಟೇಬಲ್ಲಿನಲ್ಲಿ ‘ಅಳಿಸಿದ್ದೇ’ ಎಂಬ ಕಾಲಂ ಮಾಡಿ ಅವನ್ನೂ ತುಂಬಿ.

ಹೆಡರ್ ಓದುವುದು

ಕಡತದ ರಚನೆ ಹೇಳುವ ಶುರುವಿನ ಭಾಗವೇ ಹೆಡರ್. ಮೊದಲ 32 ಬೈಟ್ ಅದರ ತಲೆ. ಹೆಕ್ಸ್ ಎಡಿಟರಿನಲ್ಲಿ ತೆರೆದು ಸೊನ್ನೆಯಿಂದ ಎಣಿಸಿ. ಈ ಬರಹದ ಅಂಕಿಗಳೆಲ್ಲ ದಶಮಾನದವು. ಬೈಟ್ 0 ಕಡತದ ತಳಿ ಹೇಳುತ್ತದೆ: 3 ಇದ್ದರೆ ಮೆಮೊ ಇಲ್ಲದ ಡಿಬೇಸ್ 3 ರೀತಿಯದು, 131 ಇದ್ದರೆ ಡಿಬಿಟಿ ಮೆಮೊ ಉಳ್ಳದ್ದು, 245 ಇದ್ದರೆ ಫಾಕ್ಸ್‌ಪ್ರೊ 2ರ ಕಾಲದ ಎಫ್‌ಪಿಟಿ ಮೆಮೊ ಉಳ್ಳದ್ದು, 48 ಇದ್ದರೆ ವಿಷುವಲ್ ಫಾಕ್ಸ್‌ಪ್ರೊ. ಬೈಟ್ 4ರಿಂದ 7 ದಾಖಲೆಗಳ ಸಂಖ್ಯೆ, 8–9 ಹೆಡರಿನ ಉದ್ದ, 10–11 ಒಂದು ದಾಖಲೆಯ ಉದ್ದ. ಮೂರರಲ್ಲೂ ಚಿಕ್ಕ ಬೈಟ್ ಮೊದಲು ಬರುತ್ತದೆ.

ಕರೆಂಟು ಹೋಗಿ ಯುಪಿಎಸ್ ಕೈಕೊಟ್ಟಾಗ ದಾಖಲೆ ಡಿಸ್ಕಿಗೆ ಬಿದ್ದು, ಹೆಡರಿನ ಸಂಖ್ಯೆ ಮಾತ್ರ ಹಳೆಯದೇ ಉಳಿಯುವುದುಂಟು. ಆಗ ಕೊನೆಯ ಬಿಲ್ಲುಗಳು ಕಾಣುವುದಿಲ್ಲ, ಆದರೆ ಹೋಗಿರುವುದಿಲ್ಲ. ಲೆಕ್ಕ ಹಾಕಿ ನೋಡಿ. 12 ಕಾಲಂ ಇರುವ ಹಳೇ ಕಡತದ ಹೆಡರ್ (ತಲೆ, ಕಾಲಮ್ಮಿಗೆ 32ರಂತೆ, ಕೊನೆಯ ಗುರುತು) 32 + 12 × 32 + 1 = 417 ಬೈಟ್. ದಾಖಲೆಯ ಉದ್ದ 96, ಹೆಡರಿನ ಪ್ರಕಾರ ದಾಖಲೆ 18,240, ಕಡತದ ಗಾತ್ರ 17,51,746 ಬೈಟ್ ಎಂದಿಟ್ಟುಕೊಳ್ಳಿ. ಗಾತ್ರದಿಂದ 417ನ್ನೂ ಕೊನೆಯಲ್ಲಿರುವ ಕಡತಾಂತ್ಯದ ಒಂದು ಬೈಟನ್ನೂ ಕಳೆದು 96ರಿಂದ ಭಾಗಿಸಿದರೆ 18,243 ಬರುತ್ತದೆ. ಅಂದರೆ ಮೂರು ಬಿಲ್ಲು ಎಣಿಕೆಯ ಹೊರಗಿವೆ. 18,240 ಅಂದರೆ 71 × 256 + 64, ಹಾಗಾಗಿ ಬೈಟ್ 4ರಲ್ಲಿ 64, ಬೈಟ್ 5ರಲ್ಲಿ 71 ಇರುತ್ತದೆ. ಕೆಲಸದ ನಕಲಿನಲ್ಲಿ ಆ 64ನ್ನು 67 ಮಾಡಿದರೆ ಮೂರೂ ಕಾಣುತ್ತವೆ. ಅದಕ್ಕೆ ಮೊದಲು ಆ ಮೂರರ ಮೊದಲ ಬೈಟ್ 32 ಅಥವಾ 42 ಇದೆಯೇ ನೋಡಿ. ಬೇರೇನಾದರೂ ಇದ್ದರೆ ಅದು ಬಿಲ್ಲಲ್ಲ, ಕಸ. ‘ಇದು ಟೇಬಲ್ ಅಲ್ಲ’ ಎಂಬ ದೋಷಸಂದೇಶ ಬಂದಾಗಲೂ ಇದೇ ಲೆಕ್ಕದಿಂದ ಶುರುಮಾಡಿ.

ಓದುವ ಸಾಧನ

ವಿಷುವಲ್ ಫಾಕ್ಸ್‌ಪ್ರೊಗೆ ಮೈಕ್ರೋಸಾಫ್ಟಿನ ಬೆಂಬಲ 2015ರ ಜನವರಿಯಲ್ಲಿ ಮುಗಿಯಿತು. ಬೇರೆ ತಂತ್ರಾಂಶಗಳಿಂದ ಈ ಕಡತ ಓದಿಸುವ ಅದರ ಓಎಲ್‌ಇ ಡಿಬಿ ಪ್ರೊವೈಡರ್ 32 ಬಿಟ್ ಮಾತ್ರ. 64 ಬಿಟ್ ಎಕ್ಸೆಲ್‌ಗೆ ಅದು ಕಾಣುವುದೇ ಇಲ್ಲ, ಅದರ ಹಿಂದೆ ದಿನ ಕಳೆಯಬೇಡಿ. ಪೈಥಾನಿನ ಡಿಬಿಎಫ್‌ರೀಡ್ ಲೈಬ್ರರಿ ಸಾಕು. ಅದು ಅಳಿಸಿದ ದಾಖಲೆಗಳನ್ನು ತಾನಾಗಿ ಕೊಡುವುದಿಲ್ಲ, ಡಿಲೀಟೆಡ್ ಎಂಬ ಗುಣದಿಂದ ಬೇರೆಯಾಗಿ ಕೇಳಿ ತೆಗೆಯಬೇಕು.

ಎನ್‌ಕೋಡಿಂಗನ್ನು ಲ್ಯಾಟಿನ್ 1 ಎಂದು ಕೈಯಾರೆ ಬರೆಯಿರಿ. ಬಿಟ್ಟರೆ ಅದು ಬೈಟ್ 29ರ ಕೋಡ್ ಪೇಜ್ ಗುರುತನ್ನು ನಂಬುತ್ತದೆ. ಅಲ್ಲಿ 1 ಇದ್ದರೆ ಡಾಸ್ ಕಾಲದ 437 ಎಂದರ್ಥ, ಕನ್ನಡ ಅಕ್ಷರಗಳ ಬೈಟುಗಳೆಲ್ಲ ಕಲಸಿಹೋಗುತ್ತವೆ. ವಿಂಡೋಸ್ 1252 ಕೂಡ ಬೇಡ, ಅದರಲ್ಲಿ 129, 141, 143, 144, 157 ಈ ಐದಕ್ಕೆ ಅಕ್ಷರವಿಲ್ಲದೆ ಪೈಥಾನ್ ದೋಷ ಎಸೆಯುತ್ತದೆ. ಲ್ಯಾಟಿನ್ 1ರಲ್ಲಿ 256 ಬೈಟಿಗೂ ಒಂದೊಂದು ಜಾಗವಿದೆ, ಏನೂ ಕಳೆಯುವುದಿಲ್ಲ.

ಅಂಕಿ ಮತ್ತು ದಿನಾಂಕ

ಹಳೇ ಡಿಬಿಎಫ್‌ನ ಸಂಖ್ಯೆಗಳು ಬರಹವಾಗಿಯೇ ಕೂತಿರುತ್ತವೆ. ದರದ ಕಾಲಂ ಅಗಲ 6, ದಶಾಂಶ 2 ಎಂದಿದ್ದರೆ 999.99ರವರೆಗೆ ಸರಿ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿದಂಥ ಹೊತ್ತಿನಲ್ಲಿ ಇಂಥ ಕಾಲಂ ತುಂಬಿಹೋಗುತ್ತದೆ. ಫಾಕ್ಸ್‌ಪ್ರೊದ ರೀಪ್ಲೇಸ್ ಆದೇಶ ಮೊದಲು ಪೈಸೆಯನ್ನು ಬಿಡುತ್ತದೆ: 2200.75 ಇದ್ದದ್ದು 2200.8 ಆಗುತ್ತದೆ. ಅದಕ್ಕೂ ಹಿಡಿಸದಿದ್ದರೆ ಘಾತರೂಪ, ಕೊನೆಗೆ ಬರೀ ನಕ್ಷತ್ರ. ಆ ನಕ್ಷತ್ರಗಳನ್ನು ಡಿಬಿಎಫ್‌ರೀಡ್ ಸದ್ದಿಲ್ಲದೆ ಖಾಲಿ ಮಾಡಿಬಿಡುತ್ತದೆ. ಆದ್ದರಿಂದ ಇಂಪೋರ್ಟಿಗೆ ಮೊದಲೇ ಅಂಕಿಯ ಕಾಲಮ್ಮುಗಳ ಕಚ್ಚಾ ಬೈಟುಗಳಲ್ಲಿ 42 ಹುಡುಕಿ, ಸಿಕ್ಕ ಬಿಲ್ಲುಗಳನ್ನು ಕಾಗದದ ಪ್ರತಿಯಿಂದ ತುಂಬಿಸಿ. ಹೊಸ ಟೇಬಲ್ಲಿನಲ್ಲಿ ಹಣಕ್ಕೆ ಫ್ಲೋಟ್ ಬೇಡ, ನ್ಯೂಮೆರಿಕ್ ಇರಲಿ.

ದಿನಾಂಕ ಎಂಟು ಅಂಕಿ: ವರ್ಷ, ತಿಂಗಳು, ದಿನ. ಖಾಲಿ ಇದ್ದರೆ ಎಂಟು ಸ್ಪೇಸ್. 1950ಕ್ಕಿಂತ ಹಿಂದಿನವನ್ನೆಲ್ಲ ಪಟ್ಟಿಮಾಡಿ. ಎರಡಂಕಿಯ ವರ್ಷ ಒತ್ತಿದ್ದರಿಂದ 2002 ಇದ್ದದ್ದು 1902 ಆಗಿ ಕೂತಿರುತ್ತದೆ.

ಕನ್ನಡ

ಇಲ್ಲಿ ಅವಸರ ಬೇಡ. ಮೊದಲು ಯಾವ ಲಿಪಿಸಂಕೇತ ಎಂದು ತಿಳಿಯಬೇಕು, ತೆರೆಯ ಮೇಲೆ ನೋಡಿ ಊಹಿಸಬೇಡಿ. ಗೊತ್ತಿರುವ ಊರಿನ ಹೆಸರೊಂದರ ಬೈಟುಗಳನ್ನು ನೋಡಿ. ‘ಕೋಲಾರ’ 80 201 198 195 175 193 103 192 ಎಂದಿದ್ದರೆ ಅದು ನುಡಿ, ಬರಹ ತಂತ್ರಾಂಶಗಳ ಹಳೇ ಫಾಂಟ್ ಸಂಕೇತ. 179 229 209 218 207 ಎಂದಿದ್ದರೆ ಇಸ್ಕಿ ಎಂಬ ಭಾರತೀಯ ಭಾಷೆಗಳ ಹಳೇ ಸಂಕೇತ, ಡಾಸ್ ಕಾಲದಲ್ಲಿ ಭಾರತೀಯ ಲಿಪಿಗಾಗಿ ಜಿಸ್ಟ್ ಕಾರ್ಡ್ ಹಾಕಿ ತುಂಬಿದ್ದು. ಎರಡೂ ಅಲ್ಲದಿದ್ದರೆ ಬೇರೆ ಕಂಪನಿಯ ಫಾಂಟು, ಯಾವ ಬೈಟಿಗೆ ಯಾವ ಅಕ್ಷರ ಎಂಬ ಅದರದೇ ಪಟ್ಟಿ ಬೇಕು. ಇಸ್ಕಿ ಸುಲಭ, ಯೂನಿಕೋಡಿನ ಹಾಗೆ ಉಚ್ಚಾರಣೆಯ ಕ್ರಮದಲ್ಲೇ ಇರುತ್ತದೆ. ನುಡಿಯಲ್ಲಿ ಇರುವುದು ಅಕ್ಷರವಲ್ಲ, ಅಕ್ಷರದ ಚೂರುಗಳು, ಕಣ್ಣಿಗೆ ಕಾಣುವ ಕ್ರಮದಲ್ಲಿ. ಬೈಟಿಗೊಂದು ಅಕ್ಷರ ಎಂದು ಬದಲಾಯಿಸುವ ಪರಿವರ್ತಕ ಸೋಲುವುದು ಇದಕ್ಕೇ.

‘ತುಮಕೂರು’ ತೆಗೆದುಕೊಳ್ಳಿ. 118 192 196, 170 192 196, 80 192 198, 103 192 196. ಎರಡನೇ ಗುಂಪು ‘ಮ’. ಆದರೆ 170 192 ಮಾತ್ರ ಇದ್ದರೆ ‘ವ’, ಮತ್ತು ಬೇರೆ ಕಡೆ 196 ಅಂದರೆ ಉಕಾರದ ಕೊಂಬು. ಒಂದೊಂದಾಗಿ ಬದಲಾಯಿಸಿದರೆ ‘ತುವುಕೂರು’ ಬರುತ್ತದೆ. ನಿಜವಾದ ‘ವು’ 170 192 197. ಆದ್ದರಿಂದ ಪಟ್ಟಿಯಲ್ಲಿ ಉದ್ದದ ಗುಂಪು ಮೊದಲು ಹೊಂದಬೇಕು. ‘ಯ’ ಕೂಡ ಹಾಗೆಯೇ: 65 105 192 196. ಅದರ ಮೊದಲ 65 ಒಂಟಿಯಾಗಿ ಬಂದರೆ ಸೊನ್ನೆ, ಅಂದರೆ ಅನುಸ್ವಾರ. ಪಟ್ಟಿಯಲ್ಲಿ ಅನುಸ್ವಾರ ಮೇಲಿದ್ದರೆ ‘ಅಯ್ಯ’ ಎಂದು ಮುಗಿಯುವ ಹೆಸರೆಲ್ಲ ಹಾಳು, ತುಮಕೂರಿನ ಕಡೆ ಅಂಥ ಹೆಸರು ಎಷ್ಟೆಂದು ಹೇಳಬೇಕಿಲ್ಲ.

‘ಚಿಕ್ಕಬಳ್ಳಾಪುರ’ದಲ್ಲಿ ಇನ್ನೊಂದು ತೊಡಕು. ‘ಳ್ಳಾ’ 188 193 238 ಎಂದಿದೆ: ಮೊದಲು ‘ಳಾ’, ಆಮೇಲೆ ಳ ಒತ್ತು. ಯೂನಿಕೋಡಿನಲ್ಲಿ ಒತ್ತು ಮೊದಲು, ದೀರ್ಘ ಆಮೇಲೆ, ಹಾಗಾಗಿ ಒತ್ತನ್ನು ಸ್ವರಚಿಹ್ನೆಗಿಂತ ಮೊದಲು ಬರುವಂತೆ ಸರಿಸಬೇಕು. ‘ಕರ್ನಾಟಕ’ದ ಅರ್ಕಾವತ್ತು ಇನ್ನೂ ದೂರ ಹೋಗಬೇಕು. 163 193 240ರಲ್ಲಿ 240 ‘ನಾ’ ಆದ ಮೇಲೆ ಬಂದಿದೆ, ಯೂನಿಕೋಡಿನಲ್ಲಿ ‘ರ್’ ಇಡೀ ಅಕ್ಷರಕ್ಕಿಂತ ಮೊದಲೇ ಕೂರುತ್ತದೆ.

ಕಣ್ಣಿಗೆ ಕಾಣದ ತಪ್ಪು ‘ಕೋಲಾರ’ದಲ್ಲಿದೆ. ‘ಕೋ’ ಎಂಬುದನ್ನು ಎತ್ವ, ಊಕಾರ, ದೀರ್ಘ ಎಂದು ಮೂರು ಚಿಹ್ನೆಯಾಗಿಯೇ ಬಿಟ್ಟರೆ ತೆರೆಯ ಮೇಲೆ ಸರಿಯಾಗಿಯೇ ಕಾಣುತ್ತದೆ. ಆದರೆ ಕೀಬೋರ್ಡಿನಲ್ಲಿ ಒತ್ತಿದ ‘ಕೋಲಾರ’ಕ್ಕೆ ಅದು ಹೊಂದುವುದಿಲ್ಲ, ಹುಡುಕಿದರೆ ಸಿಗುವುದಿಲ್ಲ. ಪರಿವರ್ತನೆಯ ಕೊನೆಗೆ ಎನ್‌ಎಫ್‌ಸಿ ನಾರ್ಮಲೈಸೇಶನ್ ಓಡಿಸಿ, ಮೂರೂ ಸೇರಿ ಒಂದೇ ಓತ್ವವಾಗುತ್ತದೆ. ಈ ನಾಲ್ಕು ಹೆಸರನ್ನೂ ಒಂದು ‘ಯ್ಯ’ ಹೆಸರನ್ನೂ ಪರೀಕ್ಷೆಯಾಗಿ ಬರೆದಿಟ್ಟು, ಪಟ್ಟಿ ತಿದ್ದಿದಾಗಲೆಲ್ಲ ಓಡಿಸಿ.

ಪರಿವರ್ತನೆಗೆ ಮೊದಲು ಅಪ್ಪರ್, ಲೋಯರ್ ಏನನ್ನೂ ಮಾಡಬೇಡಿ. ‘ಡ’ದ 113 ಹೋಗಿ ‘ಕಿ’ಯ 81 ಬಂದು ಕೂರುತ್ತದೆ. ತುದಿಯ ಖಾಲಿಯನ್ನು ಕತ್ತರಿಸುವಾಗ 32 ಮಾತ್ರ ಕತ್ತರಿಸಿ. ಪೈಥಾನಿನ ಬರಿಯ ಸ್ಟ್ರಿಪ್ 133, 160ನ್ನೂ ಖಾಲಿ ಎಂದೇ ಎಣಿಸುತ್ತದೆ. ಒಂದೇ ಕಾಲಮ್ಮಿನಲ್ಲಿ ಇಂಗ್ಲಿಷ್ ಹೆಸರೂ ಬೆರೆತಿದ್ದರೆ, 127ರ ಮೇಲಿನ ಒಂದು ಬೈಟೂ ಇಲ್ಲದವನ್ನು ಮುಟ್ಟದೆ ಬೇರೆ ಪಟ್ಟಿಗೆ ಹಾಕಿ, ಕೈಯಿಂದಲೇ ನೋಡಿ. ಕಾಲಂ ಅಗಲ ಹಳೆಯದನ್ನೇ ಇಡಬೇಡಿ: ‘ತುಮಕೂರು’ ನುಡಿಯಲ್ಲಿ 12 ಬೈಟ್, ಯುಟಿಎಫ್ 8ರಲ್ಲಿ 21.

ತಾಳೆ

ಹಳೇ ಪ್ರೋಗ್ರಾಂನದೇ ವರದಿಯನ್ನು ತೆಗೆದು ತಾಳೆ ನೋಡಬೇಕು. ಡಾಸಿನ 16 ಬಿಟ್ ಪ್ರೋಗ್ರಾಂ 64 ಬಿಟ್ ವಿಂಡೋಸಿನಲ್ಲಿ ಏಳುವುದಿಲ್ಲ, ಡಾಸನ್ನು ಅನುಕರಿಸುವ ಡಾಸ್‌ಬಾಕ್ಸಿನಲ್ಲಿ ಕೆಲಸದ ನಕಲಿನ ಮೇಲೆ ಓಡಿಸಿ. ತಿಂಗಳುವಾರು ಬಿಲ್ಲುಗಳ ಎಣಿಕೆ, ಬಾಕ್ಸು ಅಥವಾ ಲೀಟರಿನ ಮೊತ್ತ, ರೂಪಾಯಿಯ ಮೊತ್ತ ಮೂರೂ ಪೈಸೆಗೆ ಪೈಸೆ ಕೂಡಬೇಕು. ವರ್ಷದ ಒಟ್ಟು ಮೊತ್ತ ಕೂಡಿತೆಂದು ನಿಲ್ಲಿಸಬೇಡಿ, ಎರಡು ತಪ್ಪು ಒಂದನ್ನೊಂದು ಹೊಡೆದುಹಾಕಿರಬಹುದು. ಹೆಸರುಗಳಿಗೆ ಲೆಕ್ಕದ ಪರೀಕ್ಷೆ ಇಲ್ಲ. ಊರುವಾರು ಐವತ್ತು ಹೆಸರು ಮುದ್ರಿಸಿ, ಆ ರೈತರನ್ನು ಬಲ್ಲ ಗುಮಾಸ್ತರಿಗೆ ಕೊಟ್ಟು ಓದಿಸಿ.

ಹಳೇ ಪ್ರೋಗ್ರಾಂನಲ್ಲಿ ಕೊನೆಯ ಬಿಲ್ಲು ಯಾವ ದಿನ ಎಂದು ಎಲ್ಲರೆದುರು ಗೊತ್ತುಮಾಡಿ. ಮರುದಿನ ಬೆಳಿಗ್ಗೆ ಆ ಫೋಲ್ಡರೂ ರೀಡ್ ಓನ್ಲಿ ಆಗಿರಲಿ, ಇಲ್ಲವಾದರೆ ಸೀಸನ್ನಿನ ಗದ್ದಲದಲ್ಲಿ ಯಾರೋ ಹಳೇದರಲ್ಲೇ ನಾಲ್ಕು ಬಿಲ್ಲು ಹಾಕಿಬಿಡುತ್ತಾರೆ. ಎತ್ತಿಟ್ಟ ನಕಲು, ಪರಿವರ್ತನೆಯ ಪಟ್ಟಿ, ತಿದ್ದಿದ ಬೈಟುಗಳ ಟಿಪ್ಪಣಿ ಮೂರನ್ನೂ ಒಂದೇ ಪೆನ್‌ಡ್ರೈವಿನಲ್ಲಿ ಹಾಕಿ ಮಾಲೀಕರ ಕೈಗೆ ಕೊಡಿ, ಇನ್ನೊಂದು ಪ್ರತಿ ನಿಮ್ಮಲ್ಲಿರಲಿ.